ಸರ್ವರ್‌ಗೆ ನಾನೇ ಹಾಕಿದ ಕೀಲಿ

ಕೀಲಿ ಹಾಕುವ ವಿದ್ಯೆಯಲ್ಲಿ ನಮ್ಮ ಮನೆತನವನ್ನು ಮೀರಿಸುವವರು ರಬಕವಿಯಲ್ಲಿಲ್ಲ. ಅಪ್ಪ ಸೀರೆ ಅಂಗಡಿಗೆ ಕೀಲಿ ಹಾಕಿ ಜಗ್ಗಿ ನೋಡುತ್ತಿದ್ದರು. ಓಣಿಯ ತಿರುವಿನಿಂದ ಮರಳಿ ಬಂದು ಮತ್ತೊಮ್ಮೆ ಜಗ್ಗುತ್ತಿದ್ದರು. ಒಂದು ಕೀಲಿಕೈ ಅವರ ಉಡದಾರಕ್ಕೆ, ಇನ್ನೊಂದು ಪಕ್ಕದ ಮನೆಯ ಗಂಗವ್ವನ ವಶಕ್ಕೆ. ಅಪ್ಪ ಈಗಿಲ್ಲ. ಜಗ್ಗುವ ಚಟ ಮಾತ್ರ ನನಗೆ ಬಂದಿದೆ.

ಅಪ್ಪ ಬರೆದಿದ್ದ ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆಗಳಿಗೆ ಗೆದ್ದಲು ಹತ್ತಿದಾಗ, ಅಳಿದುಳಿದವುಗಳ ಫೋಟೊ ತೆಗೆದು, ದೂರದಲ್ಲೆಲ್ಲೋ ಬಾಡಿಗೆಗೆ ಸಿಗುವ ಕ್ಲೌಡ್ ಸರ್ವರ್‌ನಲ್ಲಿಟ್ಟಿದ್ದೆ. ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. "ನನಗ ಅಜ್ಜಿ ಉಟ್ಟಂಥಾ ದಡಿ ಸೀರೀನ ಬೇಕು" ಎಂದಳು. ಆ ದಡಿಯೂ ಅಪ್ಪ ಬರೆದದ್ದೇ; ಅದರ ನಕ್ಷೆ ಸರ್ವರ್‌ನಲ್ಲಿತ್ತು. ನೇಕಾರ ಈರಪ್ಪ ಕಾಕಾ ಮಗ್ಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. "ಇವತ್ತ ಸಂಜೀ ಒಳಗ ನಕ್ಷಿ ಕೊಡಪಾ. ಇಲ್ಲಾಂದ್ರ ನಾಳೆ ಬ್ಯಾರೇದವರ ಸೀರಿ ಹಚ್ಚತೇನಿ. ಆಮ್ಯಾಲ ಮದುವಿಗಿ ಆಗೂದಿಲ್ಲ ನೋಡು" ಎಂದರು.

ಅದೆಷ್ಟರ ಕೆಲಸ! ಆದರೆ ಭದ್ರತೆ ಮೊದಲು. ಸರ್ವರ್‌ಗೆ ಕಟ್ಟಪ್ಪಣೆ ಹೊರಡಿಸಿದೆ: "ನಮ್ಮ ಮನೆಯ ಇಂಟರ್‌ನೆಟ್ ವಿಳಾಸದಿಂದ ಬಂದವರನ್ನು ಮಾತ್ರ ಒಳಗೆ ಬಿಡತಕ್ಕದ್ದು. ಉಳಿದವರು ಯಾರೇ ಆಗಲಿ, ಬಾಗಿಲು ತೆರೆಯಕೂಡದು." ಹೊರಬಂದೆ, ಒಳಹೋದೆ, ಮತ್ತೆ ಹೊರಬಂದು ಜಗ್ಗಿ ನೋಡಿದೆ. ಭದ್ರ! ನಕ್ಷೆ ಇಳಿಸಿಕೊಳ್ಳುವುದೊಂದೇ ಬಾಕಿ.

ಕರೆಂಟು ಹೋಯಿತು.

ಓಣಿಯ ಪವರ್‌ಲೂಮ್‌ಗಳೆಲ್ಲ ಒಮ್ಮೆಲೇ ಸುಮ್ಮನಾದವು. ಚಿಕ್ಕಂದಿನಲ್ಲಿ ಈ ಮೌನವೆಂದರೆ ನಮಗೆ ಹಬ್ಬ. ಅಪ್ಪ ಅಂಗಡಿಯ ಕಟ್ಟೆಗೆ ಬಂದು ಕೂತು ಕತೆ ಹೇಳುತ್ತಿದ್ದರು. ಅವರ ಮೆಲುದನಿ ಕೇಳುತ್ತಿದ್ದುದು ಆಗ ಮಾತ್ರ. ಅದನ್ನೇ ನೆನೆಯುತ್ತ ಕೂತೆ. ಕರೆಂಟು ಬಂತು. ಮಗ್ಗಗಳು ಮತ್ತೆ ಗದ್ದಲ ಹಚ್ಚಿದವು. ಸರ್ವರ್ ಮಾತ್ರ ಬಾಗಿಲು ತೆರೆಯಲೊಲ್ಲದು!

ಸರ್ವರ್ ನನ್ನ ಗುರುತು ಹಿಡಿಯಲೆಂದು ಲ್ಯಾಪ್‌ಟಾಪಿನಲ್ಲಿದ್ದ 'ಗುಪ್ತ ಕೀಲಿಕೈ' ಎಂಬ ಫೈಲು ಕೆಟ್ಟಿರಬೇಕೆಂದು ಅದನ್ನು ಅಳಿಸಿ ಹೊಸದು ಮಾಡಿದೆ. ಹೊಸದರ ಗುರುತು ಸರ್ವರ್‌ಗಿಲ್ಲ. ಗುರುತು ಮಾಡಿಸಬೇಕೆಂದರೆ ಒಳಗೆ ಹೋಗಬೇಕು! ಬೆವರೊರೆಸಿಕೊಂಡು ಬಾಡಿಗೆಯ ಕಂಪನಿಗೆ ಫೋನ್ ಮಾಡಿದೆ.

"ಕರೆಂಟು ಹೋಗಿ ಬಂದಾಗ ನಿಮ್ಮ ಇಂಟರ್‌ನೆಟ್ ವಿಳಾಸ ಬದಲಾಗಿದೆ ಸರ್. ಕೀಲಿಕೈ ಸರಿಯಾಗಿಯೇ ಇತ್ತು. ಈಗ ಅದನ್ನೂ ಅಳಿಸಿದ್ದೀರಿ. ಮಾಲೀಕರು ನೀವೇ ಎಂದು ಪರಿಶೀಲಿಸಲು ಕೆಲವು ದಿನ ಬೇಕು" ಎಂದಿತು ಒಂದು ಮೃದುವಾದ ದನಿ.

ಕರೆಂಟು ಹೋಗುವ ಊರಲ್ಲೇ ಹುಟ್ಟಿ ಬೆಳೆದ ನನಗೆ, ಕರೆಂಟು ಹೋದೀತು ಎಂಬುದೇ ಹೊಳೆದಿರಲಿಲ್ಲ.

"ಅಲ್ರೀ, ಅತ್ತಿಯವರ ಸೀರೀನ ಪೆಟಿಗ್ಯಾಗ ಐತೆಲ್ಲ! ಅದನ್ನ ಕೊಟ್ರ ಕಾಕಾ ನೋಡಿ ನೇಯ್ತಾರ" ಎಂದಳು ಹೆಂಡತಿ ಶಾಂತಾ.

"ಖರೇ!" ಎಂದು ಎದ್ದವನು ಹಾಗೇ ಕೂತೆ.

"ಯಾಕ್ರೀ?"

"ಪೆಟಿಗಿ ಕೀಲಿಕೈ ಕಳ್ಳರಿಗಿ ಸಿಗಬಾರ್ದಂತ ಎಲ್ಲೋ ಇಟ್ಟೇನಿ. ಎಲ್ಲಿ ಇಟ್ಟೇನಂತ ಬರದಿಟ್ಟೇನಿ."

"ಎಲ್ಲಿ ಬರದಿಟ್ಟೀರಿ?"

"ಸರ್ವರ್‌ನ್ಯಾಗ."

ಶಾಂತಾ ಹಣೆ ಬಡಿದುಕೊಂಡ ಸದ್ದಿಗೆ ಪಕ್ಕದ ಮನೆಯ ಗಂಗವ್ವ ಬಂದಳು. ಕತೆಯೆಲ್ಲ ಕೇಳಿ, ಮನೆಗೆ ಹೋಗಿ, ತುಕ್ಕು ಹಿಡಿದ ಕೀಲಿಕೈಯೊಂದನ್ನು ತಂದಳು.

"ನಿಮ್ಮಪ್ಪ ಅಂಗಡೀದಷ್ಟ ಅಲ್ಲೋ ತಮ್ಮಾ, ಪೆಟಿಗೀದೂ ನನ್ನ ಕಡೆ ಕೊಟ್ಟಿದ್ದ. 'ನನ್ನ ಮಗಾ ಭಾಳ ಶಾಣ್ಯಾ ಅದಾನ ಗಂಗವ್ವಾ, ಒಂದಿನ ಬೇಕಾಗತೈತಿ, ಇಟ್ಕೋ' ಅಂದಿದ್ದ!"

ಪೆಟಿಗೆ ತೆರೆಯಿತು. ನುಸಿಗುಳಿಗೆಯ ವಾಸನೆಯೊಡನೆ ಅವ್ವನ ಸೀರೆ ಹೊರಬಂತು. ದಡಿಯ ಮೇಲೆ ಕೈಯಾಡಿಸಿದೆ. ಅಪ್ಪನ ನೆನಪಾಗಿ ಅಳು ಬಂತು. ಸಂಜೆಗೆ ಮೊದಲೇ ಸೀರೆ ಈರಪ್ಪ ಕಾಕಾನ ಮಗ್ಗದ ಮುಂದಿತ್ತು.

ಕೆಲವು ದಿನಗಳ ಮೇಲೆ ಸರ್ವರ್ ತೆರೆಯಿತು. ಹೊಸ ಕೀಲಿಕೈಯ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಗಂಗವ್ವನಿಗೆ ಕೊಟ್ಟೆ. ಅವಳು ಅದನ್ನು ಎಲೆ-ಅಡಿಕೆಯ ಚಂಚಿಯಲ್ಲಿಟ್ಟು ದಾರ ಬಿಗಿದಳು. ಗಂಟು ಭದ್ರವಾಗಿದೆಯೇ ಎಂದು ಜಗ್ಗಿ ನೋಡಲು ಕೈ ಚಾಚಿದೆ.

"ಕೈ ತಗೀಲೇ ಶಾಣ್ಯಾ!" ಎಂದಳು ಗಂಗವ್ವ.