ಉಸಿರು ಹಿಡಿದ ಡಬ್ಬಿ

ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ನಮ್ಮ ಅಳಿಯ ಮಹಾಶಯ ಕಾರಿಗೊಂದು ಡಬ್ಬಿ ಹಾಕಿಸಿದ. ಬೆಳಿಗ್ಗೆ ಎಂಟಕ್ಕೆ ಬೀದಿಯ ಮುಕ್ಕಾಲು ಜನ ಬಾನೆಟ್ಟಿನ ಸುತ್ತ ನೆರೆದಿದ್ದರು. ಉಳಿದವರು ಜಾಗ ಸಿಗದೆ ಮಹಡಿಗಳಿಂದ ಬಗ್ಗಿದ್ದರು.

“ಎಂಜಿನ್ನೂ ಉಸಿರು ಬಿಡತ್ತೆ ಸಾರ್,” ಎಂದಿದ್ದ ಮೆಕ್ಯಾನಿಕ್. “ಆ ಉಸಿರಲ್ಲಿ ಎಣ್ಣೆ ಇರತ್ತೆ. ವಾಪಸ್ ಒಳಗೆ ಹೋದ್ರೆ ಮಸಿ ಕಟ್ಟತ್ತೆ. ಈ ಆಯಿಲ್ ಕ್ಯಾಚ್ ಕ್ಯಾನ್ ಉಸಿರನ್ನ ಹಿಡ್ಕೊಳತ್ತೆ.”

ಕಾರು ತೀರಿಕೊಂಡ ಮಾವನದು. ತಲೆಗೆ ಗುಲಾಬಿ ಎಣ್ಣೆ ಸುರಿದುಕೊಂಡು, ಎರಡು ಸಲ ಕೆಮ್ಮಿ, ಇಪ್ಪತ್ತರ ವೇಗದಲ್ಲಿ ಹೊರಟರೆ ಬಸವನಹುಳುಗಳು ಹಿಂದೆ ನಿಂತು ಗೊಣಗುತ್ತಿದ್ದವು. ಸ್ಟಿಯರಿಂಗ್ ಹಿಡಿದೇ ಕೊನೆಯುಸಿರೆಳೆದರು. ಕಾರು ಅಳಿಯನಿಗೆ, ಅದರ ಮೇಲೆ ಪ್ರಯೋಗ ಮಾಡಿದರೆ ಮಗನಿಗೆ ಎಂದು ಬರೆದಿಟ್ಟಿದ್ದರು.

ಆ ಮಗ, ಅಂದರೆ ಭಾವಮೈದ, ಡಬ್ಬಿ ನೋಡಿದ್ದೇ ಕೈ ಚಾಚಿದ. “ಇದು ಪ್ರಯೋಗ ಅಲ್ದೆ ಇನ್ನೇನು ಭಾವ? ಕೀ ಕೊಡಿ.”

ಬೀದಿಯವರು ತೀರ್ಪು ಕೊಟ್ಟರು: ಸಂಜೆ ಡಬ್ಬಿ ಬಿಚ್ಚುವುದು. ಎಣ್ಣೆ ಸಿಕ್ಕರೆ ಎಂಜಿನ್ನಿಗೆ ಲಾಭ, ಕಾರು ಅಳಿಯನದೇ. ಒಣಗಿದ್ದರೆ ಭಾವಮೈದನದು.

ಮಧ್ಯಾಹ್ನ ಪ್ರೆಸ್ಸಿನ ಹಿಂದೆ ಅಳಿಯ ಕದ್ದು ಬಿಚ್ಚಿ ನೋಡಿದ. ಡಬ್ಬಿ ತೊಳೆದಿಟ್ಟ ಲೋಟದಷ್ಟು ಸ್ವಚ್ಛ. ಬೆವರಿ ಅಂಗಡಿಗೆ ಓಡಿ, ಎಂಜಿನ್ ಆಯಿಲ್ ತಂದು ಎರಡು ಚಮಚ ಸುರಿದ. ಮುಚ್ಚಳ ತಿರುಗಿಸುವಾಗ ಬಾನೆಟ್ಟಿನೊಳಗಿಂದ ಖೊಕ್, ಖೊಕ್ ಎಂದಿತು. ಎಂಜಿನ್ ಆರಿಸಿ ಮೂರು ತಾಸಾಗಿತ್ತು. ಕಾದು ಕೆಂಡವಾದ ಬಿಸಿಲಲ್ಲಿ ಡಬ್ಬಿ ಮಾತ್ರ ಐಸಿನ ಗಡ್ಡೆಯಂತೆ ಕೊರೆಯುತ್ತಿತ್ತು.

ಸಂಜೆ ಬೀದಿಯ ಎದುರು ಡಬ್ಬಿ ಬಿಚ್ಚಿದರು. ಎರಡು ಚಮಚ ಎಲ್ಲಿ? ಅಂಚಿನವರೆಗೆ ತುಂಬಿ ತುಳುಕುತ್ತಿತ್ತು. ಗುಲಾಬಿಯ ವಾಸನೆ ಬೀದಿಯ ಕೊನೆಯ ಮನೆಯವರೆಗೆ ಹಬ್ಬಿತು. ಭಾವಮೈದ ಸುಣ್ಣ ಬಳಿದ ಗೋಡೆಯಂತಾದ. “ಕಾರು ನಿಮ್ಮದೇ ಭಾವ,” ಎಂದವನು ಓಡಿದ ವೇಗಕ್ಕೆ ಚಪ್ಪಲಿಗಳು ಅಲ್ಲೇ ಉಳಿದವು.

ಅಳಿಯ ಹಿಗ್ಗಿ ಹೆಂಡತಿಯನ್ನು ಬದಿಗೆ ಕರೆದ. “ಒಳ್ಳೆ ಸಮಯಕ್ಕೆ ನಿಮ್ಮಪ್ಪನ ಎಣ್ಣೆ ನೀನು ಸುರಿದೆ ಕಣೆ.”

“ನಾನೆಲ್ಲಿ ಸುರಿದೆ?” ಎಂದಳು ಅವಳು. “ಆ ಸೀಸೆ ಅಪ್ಪ ಹೋದ ದಿನವೇ ಒಡೆದುಹೋಯ್ತಲ್ಲಾ.”

ಅಷ್ಟರಲ್ಲಿ ಸುದ್ದಿ ಕೇಳಿ ಮಗನ ಮನೆಯಿಂದ ಅತ್ತೆ ಟ್ರಂಕು ಹೊತ್ತು ಬಂದರು. ಗಂಡ ಇಲ್ಲಿರುವಾಗ ತಾನು ಅಲ್ಲಿರುವುದು ಯಾವ ನ್ಯಾಯ ಎಂದರು. ಅಳಿಯ ಮನಸ್ಸಲ್ಲೇ ಲೆಕ್ಕ ಹಾಕಿದ. ತಾನೇ ಎಣ್ಣೆ ಸುರಿದೆನೆಂದರೆ ಕಾರು ಹೋಗುತ್ತದೆ, ಸುಮ್ಮನಿದ್ದರೆ ಅತ್ತೆ ಉಳಿಯುತ್ತಾರೆ.

ಅತ್ತೆ ಮುಂದಿನ ಸೀಟಿನಲ್ಲಿ ಕುಳಿತು ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡರು. ಆರಿದ ಎಂಜಿನ್ನು ಎರಡು ಸಲ ಕೆಮ್ಮಿತು. ಅತ್ತೆ ಕಿವಿಗೊಟ್ಟು, ತಲೆಯಾಡಿಸಿದರು.

“ನೀವು ಹಿಂದೆ ಕೂತ್ಕೊಬೇಕಂತೆ, ಅಳಿಯಂದ್ರೆ.”

ಡ್ರೈವರ್ ಸೀಟು ತಾನಾಗಿ ಅರ್ಧ ಗೇಣು ಹಿಂದೆ ಸರಿಯಿತು. ಮಾವನ ಕಾಲು ಉದ್ದವಿತ್ತು.