ಬಾವಿ ಇಣುಕುವ ಮಾಮಾ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ಅವರ ಬಾವಿಯನ್ನು! ಇಂಡಿ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಅವರಿಗೆ ನೆಲದ ಮೇಲಿನ ಸಂಸಾರ ಅಷ್ಟಕ್ಕಷ್ಟೇ. ಒಳಗೆ ಯಾವ ಕಲ್ಲು, ಅದರ ಕೆಳಗೆ ಯಾವ ಕಲ್ಲು? ಅದೇ ಚಿಂತೆ.

ತೊಂಬತ್ತರ ದಶಕದಲ್ಲೊಮ್ಮೆ ಅಕ್ಕನಿಗೆ ಗಂಡು ನೋಡಲು ಅವಳನ್ನೂ ಕರೆದುಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆವು. ಬಾಗೇವಾಡಿ ದಾಟುವವರೆಗೆ ಮಾಮಾ ಸುಮ್ಮನಿದ್ದರು. ಮುದ್ದೇಬಿಹಾಳ ಹತ್ತಿರವಾದಂತೆ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂಗಿದರು: "ಕರಿಗಲ್ಲು ಮುಗೀತು! ಬೆಂಕಿ ಹರಿದು ಆರಿದ ಕಲ್ಲು ಇಲ್ಲೀತನಾನ. ಇನ್ನ ನೀರಿನ ತಳದಾಗ ಹುಟ್ಟಿದ ಕಲ್ಲು! ನಾವು ಕೋಟಿಗಟ್ಟಲೆ ವರ್ಷ ಹಿಂದಕ್ಕ ಹೊಂಟೇವಿ!"

"ಗಾಡಿ ಮುಂದನ ಹೊಂಟೈತ್ರಿ ಮಾಸ್ತರ," ಎಂದ ಕಂಡಕ್ಟರ್. "ಮೊದಲ ತಲಿ ಒಳಗ ತಗೋರಿ!"

ಗಂಡಿನ ಮನೆಯಲ್ಲಿ ಚಹಾ ಬಂತು, ಮಾಮಾ ಇರಲಿಲ್ಲ. ಎಲ್ಲಿರುತ್ತಾರೆ? ಹಿತ್ತಲ ಬಾವಿಯಲ್ಲಿ! ಧೋತರ ತೋಯಿಸಿಕೊಂಡು, ಕೈಯಲ್ಲೊಂದು ಕಲ್ಲು ಹಿಡಿದು ಮೇಲೆ ಬಂದವರೇ ಗಂಡಿನ ತಂದೆಗೆ ಹೇಳಿದರು: "ಭಾಳ ಹಳೇದೈತ್ರಿ ನಿಮ್ಮದು!"

ಅವರು ಉಬ್ಬಿದರು. "ಹೌದ್ರಿ, ನಮ್ಮಜ್ಜನ ಕಾಲದಿಂದ ದೊಡ್ಡ ಮನೆತನ..."

"ನಿಮ್ಮಜ್ಜ ನಿನ್ನೆ ಮೊನ್ನೆಯವರ್ರಿ. ನಾ ಕಲ್ಲಿಂದು ಹೇಳಾಕತ್ತೇನಿ!"

ಗಂಡೇ ಮೊದಲು ನಕ್ಕ. ಆ ನಗೆ ನೋಡಿಯೇ ತಾನು ಒಪ್ಪಿದ್ದೆಂದು ಅಕ್ಕ ಇವತ್ತಿಗೂ ತಂಗಿಯಾದ ನನ್ನ ಮುಂದೆ ಹೇಳುತ್ತಾಳೆ.

ಅವ್ವ ತೀರಿದ ಮರುವರ್ಷ ತಾಂಬಾದ ನಮ್ಮ ಹೊಲದಲ್ಲಿ ಬಾವಿ ತೋಡಿಸಿದೆವು. ಎರಡು ಕರಿಗಲ್ಲಿನ ಪದರಗಳ ನಡುವೆ ಕುಂಕುಮದಂಥ ಮಣ್ಣಿನ ಪಟ್ಟಿ ಕಂಡಿತು. ಹೇಳಿಕಳಿಸಿದ್ದೇ ತಡ, ಮಾಮಾ ಓಡಿಬಂದರು. ಒಮ್ಮೆ ಇಣುಕಿ, ತೋಡಿದ ಮಣ್ಣಿನ ಗುಡ್ಡೆಯ ಮೇಲೆ ಕುಳಿತುಬಿಟ್ಟರು.

"ಯಾಕ್ರಿ ಮಾಮಾ, ಇಳಿಯೂದಿಲ್ಲೇನು?"

"ಇಳಿದು ನೋಡಿ ಬಂದು ಯಾರ ಮುಂದ ಹೇಳ್ಲಿ?" ಎಂದರು. "ನೀವೆಲ್ಲಾ ನಗತಿದ್ರಿ. ನಿಮ್ಮವ್ವ ಮಾತ್ರ ರೊಟ್ಟಿ ಬಡಿಯೂದು ನಿಲ್ಲಿಸಿ, 'ಮುಂದೇನಾತೋ ತಮ್ಮಾ?' ಅಂತಿದ್ಲು."

ನಾನು ಪಕ್ಕದಲ್ಲಿ ಕುಳಿತೆ. ಬಾವಿಯ ಕೆಲಸದವರು ಊಟಕ್ಕೆ ಹೋಗಿದ್ದರು.

"ಮುಂದೇನಾತ್ರಿ ಮಾಮಾ?"

ಅವರು ನನ್ನ ಮುಖವನ್ನೇ ನೋಡಿದರು. ಹೆಗಲ ಮೇಲಿನ ವಲ್ಲಿಯಿಂದ ಮೂಗು ಒರೆಸಿಕೊಂಡರು.

"ಮುಂದ... ಬೆಂಕಿ ಆರಿತವ್ವಾ. ಭಾಳ ದಿನ ಏನೂ ಬರಲಿಲ್ಲ. ಅದರ ಮ್ಯಾಲ ಈ ಕೆಂಪು ಮಣ್ಣಾತು, ಹುಲ್ಲು ಬಂತು..."