ಬಲಕ್ಕೆ ಕಾಲು ಚಾಚಿದ ಚಪ್ಪಡಿ

ಕಾಂಕ್ರೀಟು ಚಪ್ಪಡಿಯನ್ನು ತಲೆಕೆಳಗಾಗಿ ಎರೆಯಬೇಕು. ಅಚ್ಚಿನ ತಳಕ್ಕೆ ಅಂಟಿದ ಮುಖವೇ ಕೊನೆಗೆ ನುಣ್ಣಗೆ ಮೇಲೆ ಬರುವುದು. ಹಾಗಾಗಿ ನಕ್ಷೆಯಲ್ಲಿ ಎಡಕ್ಕಿರುವುದನ್ನು ಅಚ್ಚಿನಲ್ಲಿ ಬಲಕ್ಕೆ ಕಟ್ಟಬೇಕು. ಕೊತ್ತತ್ತಿಯ ಪ್ರಸನ್ನನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಕೇಳಿದವರಿಗೂ ಕೇಳದವರಿಗೂ ಇದೇ ಪಾಠ ಹೇಳಿಕೊಂಡು ತಿರುಗಿದ್ದ. ಅಚ್ಚು ಕಟ್ಟುವ ದಿನ ಮಾತ್ರ ಮರೆತ.

ಮರೆತದ್ದು ತಿಳಿದದ್ದು ಎಂಟನೆಯ ದಿನ ಬೆಳಿಗ್ಗೆ, ಬೀದಿಯ ಹತ್ತು ಜನ ಏದುಸಿರು ಬಿಡುತ್ತ, ಒಂದು ಉದ್ದ ಕಾಲು ಒಂದು ಗಿಡ್ಡ ಕಾಲಿನ 'ಎಲ್' ಆಕಾರದ ಆ ಚಪ್ಪಡಿಯನ್ನು ಮಗುಚಿ ಹಾಕಿದ ಮೇಲೆ. ಎಲ್ಲರೂ ಅದರ ನುಣುಪನ್ನು ಸವರಿ ಹೊಗಳುತ್ತಿದ್ದಾಗ ದೊಡ್ಡಪ್ಪನ ಮಗ ಮಹದೇವು ಮಾತ್ರ ಗೋಡೆಗೆ ಅಂಟಿಸಿದ್ದ ನಕ್ಷೆಯ ಮುಂದೆ ಕತ್ತು ಓರೆ ಮಾಡಿ ನಿಂತಿದ್ದ.

"ಲೇ ಪ್ರಸನ್ನ, ಇದ್ರ ಗಿಡ್ಡ ಕಾಲು ಎಡಕ್ಕಿರ್ಬೇಕಲ್ವೇನ್ಲಾ? ಬಲಕ್ಕದೆ ಕಣ್ಲಾ."

ಪ್ರಸನ್ನ ಓಡಿಬಂದು ನಕ್ಷೆಯನ್ನೂ ಚಪ್ಪಡಿಯನ್ನೂ ಎರಡೆರಡು ಸಲ ನೋಡಿದ. ಮದ್ದೂರಿನಲ್ಲಿ ರಘುನಂದನ್ ಎಂಬವರ ಹೊಸ ಬಾರು ಮಾರನೆಯ ಬೆಳಿಗ್ಗೆ ಶುರುವಾಗಲಿತ್ತು. ಅಲ್ಲಿನ ಕೌಂಟರಿನ ಮೇಲೆ ಈ ಚಪ್ಪಡಿ ಕೂತರೆ, ಮಳವಳ್ಳಿಯ ಹೋಟೆಲಿನವರು ನೋಡಿ ತಮಗೂ ಒಂದು ಮಾಡಿಸುವವರಿದ್ದರು. ಕೂರದಿದ್ದರೆ ಮತ್ತೆ ಪಾಯಿಖಾನೆ ಗುಂಡಿಗೆ ಸಿಮೆಂಟಿನ ಉಂಗುರ ಎರೆಯುವುದೇ ಗತಿ. ಹನ್ನೊಂದು ವರ್ಷ ಅದನ್ನೇ ಎರೆದು, 'ಗುಂಡಿ ಪ್ರಸನ್ನ' ಎನ್ನಿಸಿಕೊಂಡಿದ್ದ. ಆ ಹೆಸರನ್ನು ತೊಳೆದುಕೊಳ್ಳಲೆಂದೇ ಮನೆ ಮುಂದೆ 'ಬಾರ್ ಟಾಪ್ ಡಿಸೈನರ್' ಎಂದು ಬೋರ್ಡು ಬರೆಸಿದ್ದು.

ಉಚಿತ ಸಲಹೆಗೆ ಬರವುಂಟೇ? ಒಬ್ಬ ಕಾಲು ಕತ್ತರಿಸಿ ಆಚೆ ಕಡೆಗೆ ಅಂಟಿಸು ಎಂದ. ಇನ್ನೊಬ್ಬ ಮಗುಚಿ ಹಾಕಿಬಿಡು ಎಂದ. ಅಡಿಯ ಮುಖ ಅಕ್ಕಿರೊಟ್ಟಿಯಂತೆ ತರಿತರಿಯಾಗಿರುತ್ತದೆ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಪ್ರಸನ್ನನಿಗೆ ಅಳು ಬಂತು. ಬಾಗಿಲಿನ ಮುಂದೆ ಜಗಲಿ ಮಾಡಿಕೊಳ್ಳೋಣ, ಕೂರೋದಕ್ಕೆ ತಂಪಾಗಿರುತ್ತೆ ಎಂದು ತಾಯಿ ಶಿವನಂಜಮ್ಮನೂ ಸೇರಿಸಿದಳು. ಹೆತ್ತವಳೇ ಹೀಗಂದ ಮೇಲೆ ಇನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಕೊನೆಗೆ ದಾರಿ ತೋರಿಸಿದವನೂ ಮಹದೇವುವೇ. "ಕಲ್ಲು ತಿರುಗಲ್ಲ, ಸರಿ. ಕೌಂಟ್ರು ಇಟ್ಟಿಗೇದಲ್ವಾ? ಅದುನ್ನ ತಿರುಗ್ಸು. ವೈದ್ಯನಾಥಪುರದ ವಾಸ್ತು ಮಹದೇವಯ್ಯನ್ನ ಕೇಳ್ದಲೆ ಆ ರಘುನಂದನ್ ಒಂದು ಮೊಳೆನೂವೆ ಹೊಡ್ಸಕ್ಕಿಲ್ವಂತೆ, ಅವ್ರ ಬಾಯಲ್ಲೇ ಹೇಳ್ಸು."

ವಾಸ್ತು ಹೇಳುವ ಮಹದೇವಯ್ಯ ಊಟಕ್ಕೆ ಕೂತಿದ್ದರು. ಪ್ರಸನ್ನ ಕಾಲು ಹಿಡಿಯುವುದೊಂದು ಬಾಕಿ. ಕತೆಯನ್ನೆಲ್ಲ ಕೇಳಿ, ಹಿತ್ತಿಲಿಗೊಂದು ಬಟ್ಟೆ ಒಗೆಯುವ ಕಲ್ಲು ಬೇಕಾಗಿತ್ತು ಎಂದರು. ಎರಡು ಎರೆದುಕೊಡುತ್ತೇನೆ ಎಂದ ಪ್ರಸನ್ನ. ಆಮೇಲೆ ಎಡ ಯಾವುದು, ಬಲ ಯಾವುದು ಎಂದು ನೆಲದಲ್ಲಿ ಗೆರೆ ಎಳೆದು ವಿವರಿಸತೊಡಗಿದ.

"ಆ ತಲೆನೋವು ನಂಗ್ಯಾಕಪ್ಪ? ಈಗಿರದು ಸರಿ ಇಲ್ಲ, ಅದಲುಬದಲು ಮಾಡ್ಸು ಅಂದ್ರೆ ಮುಗೀತಲ್ಲ," ಎಂದು ಮಹದೇವಯ್ಯ ಎಲೆ ಮಡಿಸಿ ಎದ್ದರು.

ಚಪ್ಪಡಿಯನ್ನು ಗೂಡ್ಸ್ ಗಾಡಿಗೆ ಏರಿಸಿ, ಮಹದೇವಯ್ಯನವರನ್ನೂ ಕೂರಿಸಿಕೊಂಡು ಮದ್ದೂರು ಮುಟ್ಟುವ ಹೊತ್ತಿಗೆ ಮೂರು ಗಂಟೆ. ಇಬ್ಬರೂ ಜೊತೆಯಲ್ಲಿ ಬಂದದ್ದು ತಿಳಿಯಬಾರದೆಂದು ಪ್ರಸನ್ನ ಗಾಡಿಯನ್ನು ಬಾರಿನ ಆಚೆ ತಿರುವಿನಲ್ಲೇ ನಿಲ್ಲಿಸಿದ. ಮಹದೇವಯ್ಯ ಒಬ್ಬರೇ ಒಳಗೆ ಹೋದರು. ಕಾಲು ಗಂಟೆ ಸದ್ದಿಲ್ಲ. ಪ್ರಸನ್ನ ಮನೆದೇವರಿಗೆ ಒಂದೊಂದಾಗಿ ಹರಕೆ ಹೊತ್ತ. ನಾಲ್ಕನೆಯ ಹರಕೆಗೆ ಒಳಗಿನಿಂದ ಸುತ್ತಿಗೆ ಪೆಟ್ಟು ಕೇಳಿಸಿತು. ಇಟ್ಟಿಗೆ ಉರುಳಿದವು. ಆ ದಿನದಲ್ಲಿ ಮೊದಲ ಸಲ ಅವನು ನೆಮ್ಮದಿಯಾಗಿ ಉಸಿರುಬಿಟ್ಟ.

ಮಹದೇವಯ್ಯ ಹೊರಗೆ ಬಂದು, ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದೇನೆ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಪ್ರಸನ್ನ ಓಡಿ ಒಳಗೆ ಹೋದ. ಗಾರೆಯವರು ಕೌಂಟರಿನ ಬಲಗಡೆಯ ಕಾಲನ್ನು ಕೆಡವಿ, ಅದೇ ಇಟ್ಟಿಗೆಯಲ್ಲಿ ಎಡಗಡೆಗೆ ಕಟ್ಟುತ್ತಿದ್ದರು.

ಅವನು ಪಕ್ಕದಲ್ಲಿ ನಿಂತಿದ್ದ ರಘುನಂದನ್ ಕಡೆ ತಿರುಗಿದ. "ಸಾರ್, ಎಡಗಡೆಗೇ ಇತ್ತಲ್ವಾ ಮೊದ್ಲು?"

"ಇತ್ತಪ್ಪ," ಎಂದರು ರಘುನಂದನ್, ಹಣೆಯ ಬೆವರೊರೆಸಿಕೊಳ್ಳುತ್ತ. "ನಿನ್ನೆ ನಮ್ಮ ಮಾವ ಮಳವಳ್ಳಿಯಿಂದ ಯಾರೋ ವಾಸ್ತುನೋರ್ನ ಕರ್ಕೊಂಬಂದು ಬಲಕ್ಕೆ ತಿರುಗ್ಸಿಬುಟ್ರು. ರಾತ್ರಿಯೆಲ್ಲ ನಿದ್ದೆ ಇಲ್ಲ ಕಣಯ್ಯ ನಂಗೆ. ಪ್ರಸನ್ನನ ಕಲ್ಲು ಎಡಕ್ಕದೆ, ಪಾಪ ಅಷ್ಟು ಕಷ್ಟಬಿದ್ದು ಮಾಡವ್ನೆ, ಇನ್ನು ಗ್ರಾನೈಟೇ ಗತಿ ಅಂತ ಹೇಳಿನೂ ಆಗಿತ್ತು. ದೇವ್ರು ಬಂದಂಗೆ ನಮ್ಮ ಮಹದೇವಯ್ಯನೋರು ಬಂದ್ರು ನೋಡು. ಗ್ರಾನೈಟ್ನೋನ್ನ ಬ್ಯಾಡ ಅಂದ್ಬುಟ್ಟೆ."

ಪ್ರಸನ್ನ ಮೆಲ್ಲಗೆ ಹಿಂದೆ ಸರಿದು ಮಹದೇವಯ್ಯನವರ ಕಿವಿಯಲ್ಲಿ, ಇನ್ನೊಂದು ಸಲ ಅದಲುಬದಲು ಮಾಡಿಸಿ ಎಂದು ಅಂಗಲಾಚಿದ. ಬೇಕಾದರೆ ನಾಲ್ಕು ಕಲ್ಲು ಎರೆದುಕೊಡುತ್ತೇನೆ ಎಂದ. ಗಳಿಗೆಗೊಂದು ಮಾತಾಡಿದರೆ ಶಾಸ್ತ್ರಕ್ಕೆ ಮರ್ಯಾದೆ ಉಳಿಯುತ್ತದೆಯೇ ಎಂದು ಅವರು ಗಂಭೀರವಾಗಿ ಅಡ್ಡಡ್ಡ ತಲೆಯಾಡಿಸಿದರು.

ಅಷ್ಟರಲ್ಲಿ ರಘುನಂದನ್ ಬಂದು ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ಮಳವಳ್ಳಿ ಹೋಟೆಲ್ನೋರೂ ಇವತ್ತೇ ಬಂದವ್ರೆ, ನೀನೇ ಕೂರ್ಸದ್ನ ನೋಡ್ಬೇಕಂತೆ. ಎಲ್ಲಪ್ಪ ಕಲ್ಲು? ತಗಂಬಾ."